ಮುಟ್ಟಿ ಎಣಿಸಿದ ಹನ್ನೊಂದು ಬಣ್ಣ

ನಾನು ನಿಂತಿದ್ದುದು ಕಾಪು ಪೇಟೆಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯ ಒಂದು ಮಗ್ಗದ ಶೆಡ್ಡಿನಲ್ಲಿ, ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ, ಎಡಗೋಡೆಗೆ ಭುಜ ತಾಗಿಸಿಕೊಂಡು. 2003ನೆಯ ಇಸವಿ, ನವೆಂಬರ್ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಗಂಟೆ ಎಂಟು ದಾಟಿ ಹತ್ತು ನಿಮಿಷ. ಗಂಟೆ ನೆನಪಿರುವುದಕ್ಕೆ ಕಾರಣವಿದೆ. ಎಂಟೂವರೆಯ ಬಸ್ಸು ತಪ್ಪಿದರೆ ಮಣಿಪಾಲದ ಲ್ಯಾಬಿನ ಬೀಗ ತೆಗೆಯುವ ಹೊತ್ತು ಮೀರುತ್ತಿತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಮಗ್ಗಕ್ಕೆ ನೂಲಿನ ಹಾಸು ಹಾಕುವ ಅಕ್ಕ ನಾನು ಕೊಟ್ಟ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಆಮೇಲೆ ನಡೆದದ್ದನ್ನು ಹೇಳುವವರು ನನ್ನ ಬುದ್ಧಿಯನ್ನು ಹೊಗಳಿ ಹೇಳುತ್ತಾರೆ. ಆದ್ದರಿಂದ ನಾನು ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಬರೆಯಬೇಕಾಗಿದೆ. ಅದಕ್ಕೆ ಆ ವಾರದ ಸೋಮವಾರಕ್ಕೆ ಹೋಗಬೇಕು.

ಮಣಿಪಾಲದ ಒಂದು ವಿದ್ಯಾಸಂಸ್ಥೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಇಬ್ಬರು ತಾತ್ಕಾಲಿಕ ಸಹಾಯಕರಿದ್ದೆವು. ಒಬ್ಬ ಕಲ್ಯಾಣಪುರದವನು, ಬಿ.ಎಸ್ಸಿ. ಮುಗಿಸಿದವನು. ಇನ್ನೊಬ್ಬ ನಾನು, ಕಾರ್ಕಳದಲ್ಲಿ ಡಿಪ್ಲೊಮಾ ಮಾಡಿದವನು. ನಮ್ಮದು ಬಾದಾಮಿ ಕಡೆ. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ಈ ಕಡೆ ಬಂದು ಉದ್ಯಾವರದಲ್ಲಿ ಬಾಡಿಗೆಗೆ ನಿಂತವರು. ಲ್ಯಾಬ್ ಇದ್ದ ಕಟ್ಟಡದ ಮೆಟ್ಟಿಲಿಗೆ ಕಲ್ಲು ಹೊತ್ತವರಲ್ಲಿ ಅಪ್ಪನೂ ಒಬ್ಬ. ನನಗೆ ಅಲ್ಲಿ ಕೆಲಸ ಸಿಕ್ಕಿದ ದಿನ ಅವ್ವ ಹೆಚ್ಚೇನೂ ಹೇಳಲಿಲ್ಲ. "ಒಳಗ ಹೋಗಿ ಕುಂತೀದಿ. ಮತ್ತ ಹೊರಗ ಬರಬ್ಯಾಡಪಾ" ಎಂದಳು.

ಆ ಸೋಮವಾರ ಬೆಳಿಗ್ಗೆ, ಮುಂದಿನ ತಿಂಗಳಿನಿಂದ ಲ್ಯಾಬಿಗೆ ಒಬ್ಬ ಸಹಾಯಕ ಸಾಕು, ಇನ್ನೊಬ್ಬ ಸ್ಟೋರ್ಸಿಗೆ ಹೋಗಬೇಕು ಎಂದು ಆದೇಶ ಬಂತು. ಸ್ಟೋರ್ಸ್ ಎಂದರೆ ನೆಲಮಾಳಿಗೆಯ ಕೋಣೆ. ಅಲ್ಲಿ ಪ್ರಿಂಟರಿನ ರಿಬ್ಬನ್ನು, ಕಾಗದದ ಕಟ್ಟು, ಹಳೆಯ ಕುರ್ಚಿ ಇದ್ದವು. ಕಂಪ್ಯೂಟರ್ ಇರಲಿಲ್ಲ. ಯಾರು ಉಳಿಯಬೇಕೆಂದು ತೀರ್ಮಾನಿಸುವ ಕೆಲಸ ಸಂಖ್ಯಾಶಾಸ್ತ್ರ ಕಲಿಸುವ ಸರ್ ಅವರ ಪಾಲಿಗೆ ಬಂದಿತ್ತು, ಏಕೆಂದರೆ ಲ್ಯಾಬನ್ನು ಹೆಚ್ಚು ಬಳಸುತ್ತಿದ್ದವರು ಅವರೇ.

ಸರ್ ತಮ್ಮ ಪ್ರಾಕ್ಟಿಕಲ್ಸಿಗೆ ಒಂದು ವಿಚಿತ್ರ ಭಾಷೆಯನ್ನು ಬಳಸುತ್ತಿದ್ದರು. ಅದರ ಹೆಸರೇ ಒಂದಕ್ಷರ, ಜೆ. ಬೇರೆ ಭಾಷೆಗಳಲ್ಲಿ ಒಂದು ಪುಟ ಬರೆಯುವುದನ್ನು ಅದರಲ್ಲಿ ಅರ್ಧ ಸಾಲಿನಲ್ಲಿ ಬರೆಯಬಹುದು. ಕೀಲಿಮಣೆಯ ಒಂದೊಂದು ಚಿಹ್ನೆಯೂ ಅಲ್ಲಿ ಒಂದೊಂದು ಕ್ರಿಯೆ. ಪ್ರತಿ ಸೋಮವಾರ ಸರ್ ಲ್ಯಾಬಿನ ಬಿಳಿ ಬೋರ್ಡಿನ ಮೇಲೆ ಒಂದು ಸಮಸ್ಯೆ ಬರೆಯುತ್ತಿದ್ದರು. ಅತಿ ಕಡಿಮೆ ಗುರುತುಗಳಲ್ಲಿ ಬಿಡಿಸಿದವರ ಹೆಸರು ವಾರವಿಡೀ ಬೋರ್ಡಿನಲ್ಲಿ ಉಳಿಯುತ್ತಿತ್ತು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಳಿಗೆ ಹಾಕುವ ಆಟದಂತೆ ಇರುವುದರಿಂದ ಇದಕ್ಕೆ ಕೋಡ್ ಗಾಲ್ಫ್ ಎನ್ನುತ್ತಾರೆ. ಆ ವಾರ ಸರ್ ಸಮಸ್ಯೆ ಬರೆದು, ನಮ್ಮಿಬ್ಬರ ಕಡೆ ತಿರುಗಿ, ಶನಿವಾರ ಸಂಜೆ ನಾಲ್ಕಕ್ಕೆ ನಿಮ್ಮಿಬ್ಬರಲ್ಲಿ ಯಾರದು ಚಿಕ್ಕದೋ ಅವರು ಲ್ಯಾಬಿನಲ್ಲಿ ಎಂದರು. ನಡುವೆ ಎರಡು ದಿನ ಅವರು ಊರಿನಲ್ಲಿ ಇರುವುದಿಲ್ಲವೆಂದೂ, ಶನಿವಾರವೇ ಪರೀಕ್ಷಿಸಿ ನೋಡುವೆನೆಂದೂ ಹೇಳಿದರು.

ಸಮಸ್ಯೆ ಇಷ್ಟು. ಯಾವುದಾದರೂ ಒಂದು ಪಟ್ಟಿ ಕೊಟ್ಟರೆ, ಅದರ ಮೊದಲನೆಯದು ಒಂದು ಸಲ, ಎರಡನೆಯದು ಎರಡು ಸಲ, ಮೂರನೆಯದು ಮೂರು ಸಲ, ಹೀಗೆ ಕೊನೆಯವರೆಗೆ ಬರಬೇಕು. 5 3 8 ಕೊಟ್ಟರೆ 5 3 3 8 8 8 ಬರಬೇಕು.

ನನ್ನ ಬಳಿ ಪುಸ್ತಕವಿರಲಿಲ್ಲ. ಆ ಭಾಷೆಯ ಗುರುತುಗಳ ಪಟ್ಟಿ ಇದ್ದ ಎರಡು ಹಾಳೆಯ ಜೆರಾಕ್ಸ್ ಮಾತ್ರ ಇತ್ತು. ಅದರಲ್ಲಿ # ಎಂಬ ಗುರುತು ನನಗೆ ಚೆನ್ನಾಗಿ ಪರಿಚಯವಾಗಿತ್ತು. ಎಡಕ್ಕೊಂದು ಬಲಕ್ಕೊಂದು ಪಟ್ಟಿ ಇಟ್ಟರೆ ಅದು ಎಡದ ಸಂಖ್ಯೆಯಷ್ಟು ಸಲ ಬಲದ್ದನ್ನು ಬರೆಯುತ್ತದೆ. ಒಂದೇ ಪಟ್ಟಿ ಕೊಟ್ಟರೆ ಅದರಲ್ಲಿ ಎಷ್ಟಿವೆ ಎಂದು ಎಣಿಸಿ ಹೇಳುತ್ತದೆ. ಅದರ ಮುಂದೆ ~ ಹಾಕಿದರೆ ಎಡ ಬಲ ಅದಲುಬದಲಾಗುತ್ತವೆ. ಹಾಗಾದರೆ ನನಗೆ ಬೇಕಾದದ್ದು 1 2 3 ಎಂಬ ಎಣಿಕೆಯ ಸಾಲು ಒಂದೇ. ಹಾಳೆಯ ಉದಾಹರಣೆಯೊಂದರಲ್ಲಿ ಅಂಥ ಸಾಲನ್ನು ಹುಟ್ಟಿಸುವ ತುಂಡು ಇತ್ತು. ಅದನ್ನು ಇದ್ದ ಹಾಗೆಯೇ ಎತ್ತಿಕೊಂಡು ಸೇರಿಸಿದೆ.

#~1+i.@#

ಎಂಟು ಗುರುತು. ಮಂಗಳವಾರ ಮಧ್ಯಾಹ್ನ ಬೋರ್ಡಿನಲ್ಲಿ ಬರೆದೆ. ಬುಧವಾರ ಬೆಳಿಗ್ಗೆ ನಾನು ಬೀಗ ತೆಗೆದು ಅರ್ಧ ಗಂಟೆಯಲ್ಲಿ ಕಲ್ಯಾಣಪುರದವನು ಬಂದು ಏಳು ಬರೆದ.

#~1+i.~

ನನ್ನ ಹೆಸರಿನ ಮೇಲೆ ತನ್ನ ಹೆಸರು ಬರೆದು ಪೆನ್ನಿನ ಮುಚ್ಚಳ ಹಾಕುತ್ತಾ, "ಎಂತ ಮಾರಾಯ, ನಿನ್ನದು ಇನ್ನೂ ಎಂಟೇ ಉಂಟಾ?" ಎಂದ. ಕೆಟ್ಟವನಲ್ಲ. ಮಧ್ಯಾಹ್ನದ ಊಟದ ಡಬ್ಬಿಯಿಂದ ನನಗೆ ಮೀನಿನ ತುಂಡು ತೆಗೆದಿಟ್ಟೂ ಇದ್ದಾನೆ. ಆದರೆ ಆ ವಾರ ನಾವು ಒಟ್ಟಿಗೆ ಊಟ ಮಾಡಲಿಲ್ಲ.

ಗುರುವಾರ ನಾನು ಮಾಡಿದ ತಪ್ಪನ್ನು ಸರಿಯಾಗಿ ಬರೆಯಬೇಕು.

ಉದ್ಯಾವರದಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲೇ ಹಾಸು ಹಾಕುವ ಅಕ್ಕನ ಮನೆ. ವಯಸ್ಸು ಐವತ್ತೈದರ ಮೇಲೆ. ಕಾಪುವಿನ ಶೆಡ್ಡಿನಲ್ಲಿ ಸೀರೆಯ ಉದ್ದದ ನೂಲನ್ನು, ಅಂದರೆ ಹಾಸನ್ನು, ಮಗ್ಗಕ್ಕೆ ಏರಿಸುವ ಮೊದಲು ಬಣ್ಣದ ಕ್ರಮದಲ್ಲಿ ಜೋಡಿಸುವುದು ಅವರ ಕೆಲಸ. ಅವರದೊಂದು ಪಟ್ಟೆ ಇತ್ತು. ಬಿಳಿಯಿಂದ ಶುರುವಾಗಿ ಕಡುಕೆಂಪಿನವರೆಗೆ ಹನ್ನೊಂದು ಬಣ್ಣ. ಬಿಳಿ ಒಂದೇ ಎಳೆ, ಮುಂದಿನ ಬಣ್ಣ ಎರಡೆಳೆ, ಅದರ ಮುಂದಿನದು ಮೂರು, ಕಡುಕೆಂಪು ಹನ್ನೊಂದು. ಆ ಪಟ್ಟೆಯನ್ನು ಅವರಲ್ಲದೆ ಬೇರೆ ಯಾರೂ ಹಾಕುತ್ತಿರಲಿಲ್ಲ. ಅದನ್ನು ಕಾಗದದಲ್ಲಿ ಅಚ್ಚು ಹಾಕಿ ಕೊಟ್ಟರೆ ಬೇರೆ ಶೆಡ್ಡಿನವರೂ ಹಾಕಬಹುದು ಎಂದು ನೇಕಾರರ ಸಂಘದ ಕಾರ್ಯದರ್ಶಿ ನನ್ನನ್ನು ಕೇಳಿಕೊಂಡಿದ್ದರು. ಬಣ್ಣಗಳಿಗೆ ಒಂದರಿಂದ ಹನ್ನೊಂದರವರೆಗೆ ಅಂಕಿ ಕೊಟ್ಟರೆ ಬೋರ್ಡಿನ ಮೇಲಿನ ಸಮಸ್ಯೆಯೂ ಇದೂ ಒಂದೇ ಎಂದು ನನಗೆ ಆಗಲೇ ಹೊಳೆದಿತ್ತು. ಅಕ್ಕನಿಗೆ ಉಪಕಾರ, ನನಗೆ ಪರೀಕ್ಷೆ ಎಂದುಕೊಂಡಿದ್ದೆ.

ಗುರುವಾರ ಸಂಜೆ ನಾನು ನನ್ನ ಎಂಟು ಗುರುತಿನಿಂದ ಒಂದೊಂದನ್ನೇ ಕಳಚಿ, ಯಂತ್ರ ಒಪ್ಪುತ್ತದೆಯೇ ಎಂದು ನೋಡುತ್ತಿದ್ದೆ. 1+ ಅನ್ನು ತೆಗೆದೆ. ಒಪ್ಪಿತು. ಆ 1+ ಅಲ್ಲಿ ಏಕಿದೆ ಎಂದು ನನಗೆ ಗೊತ್ತಿರಲಿಲ್ಲ. ಉದಾಹರಣೆಯಲ್ಲಿತ್ತು, ಎತ್ತಿಕೊಂಡಿದ್ದೆ, ಅಷ್ಟೆ. ಒಂದರಿಂದ ಹನ್ನೊಂದರ ಪಟ್ಟಿ ಕೊಟ್ಟೆ. ಉತ್ತರ ಪರದೆಯ ಬಲ ಅಂಚನ್ನು ದಾಟಿ ಹೋಯಿತು. ನಾನು ಬಲಕ್ಕೆ ಸರಿಸಿ ಕೊನೆಯನ್ನು ನೋಡಿದೆ. ಹನ್ನೊಂದುಗಳು ಸಾಲಾಗಿ ನಿಂತಿದ್ದವು. ಎಷ್ಟು ಹನ್ನೊಂದುಗಳು ಎಂದು ಎಣಿಸಲಿಲ್ಲ. ಎಡಕ್ಕೆ ಸರಿಸಿ ಮೊದಲನ್ನು ನೋಡಲಿಲ್ಲ. ಅಚ್ಚು ಹಾಕಿಕೊಂಡೆ, ಬೋರ್ಡಿಗೆ ಹೋಗಿ ಏಳರ ಮೇಲೆ ಆರು ಬರೆದೆ, ನನ್ನ ಹೆಸರು ಬರೆದು ಅಡಿಗೆರೆ ಎಳೆದೆ. ಕಲ್ಯಾಣಪುರದವನು ಅದನ್ನು ನೋಡಿ ಬ್ಯಾಗು ಎತ್ತಿಕೊಂಡು ಹೋದ.

ಶುಕ್ರವಾರ ಬೆಳಿಗ್ಗೆ ಕಾಗದ ಕೊಡಲು ಕಾಪುವಿಗೆ ಹೋಗಿ, ಮೊದಲೇ ಹೇಳಿದ ಜಾಗದಲ್ಲಿ ನಿಂತಿದ್ದೆ.

ಅಕ್ಕನಿಗೆ ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಕಾಗದದ ಎಡ ಮೂಲೆಯಲ್ಲಿ ಬೆರಳಿಟ್ಟರು. ಬೆರಳು ಅಲ್ಲಿಂದ ಕದಲಲಿಲ್ಲ.

"ಒಂದು ಎಲ್ಲಿ?" ಎಂದರು.

ನಾನು ಹತ್ತಿರ ಹೋಗಿ ನೋಡಿದೆ. ಸಾಲು 2ರಿಂದ ಶುರುವಾಗಿತ್ತು. 2 ಒಂದು ಸಲ, 3 ಎರಡು ಸಲ. ಎಲ್ಲಿಯೂ 1 ಇರಲಿಲ್ಲ. ಆ ಭಾಷೆ ಸೊನ್ನೆಯಿಂದ ಎಣಿಸುತ್ತದೆ. ಮೊದಲನೆಯದಕ್ಕೆ ಸೊನ್ನೆ ಸಲ, ಎರಡನೆಯದಕ್ಕೆ ಒಂದು ಸಲ. ಆ 1+ ಇದ್ದದ್ದು ಅದಕ್ಕೆ. ನಾನು ಕಳಚಿ ಎಸೆದದ್ದು ಬಿಳಿ ಎಳೆಯನ್ನು.

"ಬಿಳಿ ಒಂದೇ ಎಳೆ ಹೌದು," ಎಂದರು ಅಕ್ಕ. "ಆದರೆ ಈ ಸೀರೆಯಲ್ಲಿ ದೂರದಿಂದ ಕಾಣುವುದು ಅದೇ. ನಿನ್ನ ಮಿಷಿನಿಗೆ ಕಾಣಲಿಲ್ಲವಾ ಮಾರಾಯ?"

ಪಕ್ಕದಲ್ಲಿ ರಾಟೆಯ ಮೇಲೆ ಅಡ್ಡನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಗಸು ನಕ್ಕರು. ಮಿಷಿನು ಮಣಿಪಾಲದ್ದಲ್ವಾ, ದೊಡ್ಡದು ಮಾತ್ರ ಕಾಣುವುದು ಎಂದರು. ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿಯವರೂ ಕಾಗದ ನೋಡಿ, ಪರವಾಗಿಲ್ಲ, ಇನ್ನೊಮ್ಮೆ ಮಾಡಿ ಎಂದರು. ನನಗೆ ಅವರ ಮಾತು ಕೇಳಿಸಿದ್ದು ಅರ್ಧ. ಬೋರ್ಡಿನ ಮೇಲೆ ನನ್ನ ಹೆಸರು, ಅದರ ಕೆಳಗಿನ ಅಡಿಗೆರೆ, ಅದರ ಕೆಳಗೆ ಸ್ಟೋರ್ಸಿನ ಮೆಟ್ಟಿಲು ಕಣ್ಣ ಮುಂದಿದ್ದವು.

ಅಕ್ಕ ಕಾಗದವನ್ನು ಮಡಚಿ ಕಿಟಕಿಯ ದಂಡೆಯಲ್ಲಿಟ್ಟು ತಮ್ಮ ಕೆಲಸ ಶುರುಮಾಡಿದರು. ಆ ದಿನ ಹಾಕುವ ಹಾಸಿನಲ್ಲಿ ಅದೇ ಪಟ್ಟೆ ಬೇಕಿತ್ತು. ನಾನು ಅವರ ಕೆಲಸವನ್ನು ನೋಡಿದ್ದು ಅದೇ ಮೊದಲು.

ಗೋಡೆಯ ಮೇಲೆ ಎರಡು ಮೊಳೆಗಳ ನಡುವೆ ಒಂದು ಹುರಿ ಕಟ್ಟಿತ್ತು. ಅದಕ್ಕೆ ಹನ್ನೊಂದು ಬಣ್ಣದ ನೂಲಿನ ತುಂಡುಗಳನ್ನು ಕ್ರಮವಾಗಿ ಗಂಟು ಹಾಕಿದ್ದರು. ಅದರ ಪಕ್ಕದಲ್ಲಿ ಸಾಲು ಸಾಲು ಗೂಟಗಳಿದ್ದ ಮರದ ಚೌಕಟ್ಟು. ನೂಲಿನ ಉರುಳೆಗಳನ್ನು ಆ ಗೂಟಗಳಿಗೆ ಸಿಕ್ಕಿಸಬೇಕು. ಅಕ್ಕ ಎಡಗೈಯಿಂದ ಹುರಿಯ ಮೇಲಿನ ಬಿಳಿ ಗಂಟನ್ನು ಮುಟ್ಟಿದರು, ಬಲಗೈಯಿಂದ ಒಂದು ಬಿಳಿ ಉರುಳೆಯನ್ನು ಸಿಕ್ಕಿಸಿದರು. ಎರಡನೆಯ ಬಣ್ಣಕ್ಕೆ ಬಂದಾಗ ಎಡಗೈ ಮತ್ತೆ ಬಿಳಿಗೆ ಹೋಯಿತು. ಬಿಳಿಯನ್ನು ಮುಟ್ಟಿ ಒಂದು ಉರುಳೆ, ಎರಡನೆಯದನ್ನು ಮುಟ್ಟಿ ಇನ್ನೊಂದು ಉರುಳೆ, ಎರಡೂ ಎರಡನೆಯ ಬಣ್ಣದವು. ಮೂರನೆಯ ಬಣ್ಣಕ್ಕೆ ಮತ್ತೆ ಬಿಳಿಯಿಂದ. ಮುಟ್ಟು, ಸಿಕ್ಕಿಸು. ಮುಟ್ಟು, ಸಿಕ್ಕಿಸು. ಮುಟ್ಟು, ಸಿಕ್ಕಿಸು. ಬಾಯಲ್ಲಿ ಒಂದೂ ಸಂಖ್ಯೆ ಇಲ್ಲ. ನಡುನಡುವೆ ಕಂಡಿಕೆಯವರೊಂದಿಗೆ ತುಳುವಿನಲ್ಲಿ ಮೀನಿನ ರೇಟಿನ ಮಾತೂ ನಡೆದಿತ್ತು.

ನಾನು ಕೇಳಿದೆ, "ಅಕ್ಕಾ, ಪ್ರತಿ ಸಲ ಮೊದಲಿನಿಂದ ಯಾಕೆ? ಐದನೆಯದಕ್ಕೆ ಐದು ಅಂತ ಗೊತ್ತೇ ಇದೆಯಲ್ಲ?"

"ಐದು ಅಂತ ತಲೆಯಲ್ಲಿಟ್ಟರೆ ಯಾರಾದರೂ ಮಾತಾಡಿಸಿದ ಕೂಡಲೇ ಹೋಗ್ತದೆ," ಎಂದರು ಅವರು, ಕೈ ನಿಲ್ಲಿಸದೆ. "ಇದು ಎಷ್ಟನೆಯದು ಅಂತ ನನಗೆ ಎಂತಕ್ಕೆ? ಮೊದಲಿನಿಂದ ಇಲ್ಲಿಯವರೆಗೆ ಮುಟ್ಟಿದರಾಯ್ತು. ಮುಟ್ಟಿದಷ್ಟು ಎಳೆ."

ಎಂಟೂವರೆಯ ಬಸ್ಸು ತಪ್ಪಿತು. ಅದರ ನಂತರದ್ದರಲ್ಲಿ ಹೋದೆ. ನಿಂತುಕೊಂಡೇ ಹೋದೆ, ಒಂದು ಕೈ ಮೇಲಿನ ಕಂಬಿಗೆ. ಮೊದಲಿನಿಂದ ಇಲ್ಲಿಯವರೆಗೆ ಎಂಬ ಮಾತನ್ನು ಎಲ್ಲೋ ಓದಿದ್ದೇನೆ ಎಂದು ಉದ್ಯಾವರದ ಸೇತುವೆಯವರೆಗೂ ಅನಿಸುತ್ತಿತ್ತು. ಉಡುಪಿಯಲ್ಲಿ ಇಳಿದು, ಮಣಿಪಾಲದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ ಮೇಲೆ ಜೆರಾಕ್ಸ್ ಹಾಳೆಯನ್ನು ತೆಗೆದೆ. ಎರಡನೆಯ ಹಾಳೆಯ ಕೆಳಭಾಗದಲ್ಲಿ, ನನಗೆ ಎಂದೂ ಬೇಕಾಗದೆ ಇದ್ದ ಒಂದು ಓರೆ ಗೆರೆಯ ಗುರುತು ಇತ್ತು. \ ಎಂಬ ಗುರುತು. ಯಾವುದೇ ಕ್ರಿಯೆಯ ಮುಂದೆ ಅದನ್ನು ಹಾಕಿದರೆ, ಆ ಕ್ರಿಯೆ ಪಟ್ಟಿಯ ಮೊದಲ ಒಂದರ ಮೇಲೆ, ಆಮೇಲೆ ಮೊದಲ ಎರಡರ ಮೇಲೆ, ಆಮೇಲೆ ಮೊದಲ ಮೂರರ ಮೇಲೆ, ಹೀಗೆ ಮೊದಲಿನಿಂದ ಇಲ್ಲಿಯವರೆಗೆ ನಡೆಯುತ್ತಾ ಹೋಗುತ್ತದೆ.

ಎಣಿಸುವ ಕ್ರಿಯೆ #. ಅದರ ಮುಂದೆ \. ಅಷ್ಟೇ ಅಕ್ಕನ ಎಡಗೈ.

ಲ್ಯಾಬಿನ ಬಾಗಿಲಲ್ಲಿ ಕಲ್ಯಾಣಪುರದವನೂ ಆರೇಳು ವಿದ್ಯಾರ್ಥಿಗಳೂ ಬೀಗದ ಕೈಗಾಗಿ ಕಾಯುತ್ತಿದ್ದರು. ಒಳಗೆ ಹೋದವನು ಕಂಪ್ಯೂಟರ್ ಚಾಲೂ ಮಾಡುವ ಮೊದಲು ಬೋರ್ಡಿಗೆ ಹೋಗಿ, ಅವರೆಲ್ಲರ ಎದುರು, ನನ್ನ ಆರನ್ನೂ ಅಡಿಗೆರೆಯನ್ನೂ ಒರೆಸಿದೆ.

"ಎಂತ, ನಿನ್ನೆ ಹೊಡೆದ ಸಿಕ್ಸರ್ ಕ್ಯಾಚ್ ಆಯ್ತಾ?" ಎಂದ ಅವನು.

ಹೌದು, ತಪ್ಪಾಗಿತ್ತು, ಮೊದಲನೆಯದೇ ಬಿಟ್ಟುಹೋಗುತ್ತಿತ್ತು ಎಂದೆ. ವಿದ್ಯಾರ್ಥಿಗಳು ನಕ್ಕರು. ನಾನು ಹಿಂದಿನ ಸಾಲಿನ ಯಂತ್ರದ ಮುಂದೆ ಕೂತು ಬರೆದೆ.

#~#\

5 3 8 ಕೊಟ್ಟೆ. 5 3 3 8 8 8 ಬಂತು. ಕೂಡಲೇ ಎದ್ದು ನಿಲ್ಲಲಿಲ್ಲ. ಒಂದರಿಂದ ಹನ್ನೊಂದರ ಪಟ್ಟಿ ಕೊಟ್ಟೆ. ಈ ಸಲ ಎಡ ತುದಿಯಿಂದ, ಪರದೆಗೆ ಪೆನ್ನಿನ ತುದಿ ತಾಗಿಸಿ, ಮುಟ್ಟಿ ಮುಟ್ಟಿ ಎಣಿಸಿದೆ. ಮೊದಲಲ್ಲಿ 1 ಇತ್ತು, ಒಂಟಿಯಾಗಿ. ಒಟ್ಟು ಅರವತ್ತಾರು. ಎರಡನೆಯ ಸಲ ಎಣಿಸಿದೆ. ಅರವತ್ತಾರು. ನನ್ನ ಎಂಟರ ಅರ್ಧ, ನಾಲ್ಕೇ ಗುರುತು, ಅದರಲ್ಲಿ ಒಂದೂ ಅಂಕಿ ಇಲ್ಲ, ಒಂದೂ ಅಕ್ಷರ ಇಲ್ಲ. ಅದನ್ನು ಯಾರಿಗೂ ತೋರಿಸದೆ ಯಂತ್ರ ಬಂದ್ ಮಾಡಿದೆ.

ಆ ದಿನ ಸಂಜೆ ಮತ್ತು ಮರುದಿನ ಬೆಳಿಗ್ಗೆ ನನಗೆ ಇದ್ದದ್ದು ಒಂದೇ ಯೋಚನೆ. ಬೋರ್ಡಿನ ಪದ್ಧತಿಯಂತೆ ಉತ್ತರದ ಪಕ್ಕದಲ್ಲಿ ಅದನ್ನು ಕಂಡುಕೊಂಡವರ ಹೆಸರು ಬರೆಯಬೇಕು. ಓರೆ ಗೆರೆಯನ್ನು ಹಾಳೆಯಲ್ಲಿ ಹುಡುಕಿದವನು ನಾನು, ನಿಜ. ಆದರೆ ಆ ಹಾಳೆ ಎರಡು ವರ್ಷದಿಂದ ನನ್ನ ಜೇಬಿನಲ್ಲಿತ್ತು. ಕಂಡುಕೊಂಡವರು ಯಾರೆಂದು ನನಗೆ ಗೊತ್ತಿತ್ತು. ಅವರ ಹೆಸರು ಬರೆದರೆ ನನ್ನ ಹೆಸರಿನ ಪಕ್ಕ ಉಳಿಯುವುದು ಎಂಟು. ಕಲ್ಯಾಣಪುರದವನದು ಏಳು. ಎಂಟು ಎಂದರೆ ನೆಲಮಾಳಿಗೆ. ಅವ್ವನಿಗೆ ಏನೂ ಹೇಳಲಿಲ್ಲ.

ಶನಿವಾರ ನಾಲ್ಕಕ್ಕೆ ಸರ್ ಬಂದರು. ಇನ್ನು ಯಾರದಾದರೂ ಉಂಟಾ ಎಂದು ಕೇಳಿದರು. ನಾನು ಪೆನ್ನು ತೆಗೆದುಕೊಂಡು ಏಳರ ಮೇಲೆ ಆ ನಾಲ್ಕು ಗುರುತುಗಳನ್ನು ಬರೆದೆ. ಹಿಂದೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆದೆ: ಗಿರಿಜಾ, ಕಾಪು.

ಸರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಗಿರಿಜಾ ಅಂದರೆ ಯಾವ ಬ್ಯಾಚು?"

"ಬ್ಯಾಚು ಅಲ್ಲ ಸರ್. ಮಗ್ಗಕ್ಕೆ ಹಾಸು ಹಾಕುವವರು."

ಲ್ಯಾಬಿನಲ್ಲಿ ಜೋರು ನಗು. ಸರ್ ನಗಲಿಲ್ಲ. ವಿವರಿಸಿ ಎಂದರು. ನಾನು ಬೋರ್ಡಿನ ಮೇಲೆ ಹುರಿಯ ಚಿತ್ರ ಬರೆದು, ಗಂಟುಗಳನ್ನು ಬರೆದು, ಎಡಗೈಯಿಂದ ಮುಟ್ಟುತ್ತಾ ಬಲಗೈಯಿಂದ ಗೆರೆ ಎಳೆಯುತ್ತಾ ತೋರಿಸಿದೆ. ನನ್ನ ಆರು ಹೇಗೆ ತಪ್ಪಾಯಿತು ಎಂಬುದನ್ನೂ ಹೇಳಿದೆ. ಸರ್ ಬೋರ್ಡಿನ ಹತ್ತಿರ ಬಂದು ಚಿತ್ರದ ಒಂದು ಗಂಟಿನ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು:

"ಒಂದೇ ಬಣ್ಣ ಹುರಿಯಲ್ಲಿ ಎರಡು ಕಡೆ ಬಂದರೆ? ಅವರಿಗೆ ಗೊಂದಲ ಆಗುವುದಿಲ್ಲವಾ?"

"ಇಲ್ಲ ಸರ್. ಅವರು ಬಣ್ಣ ನೋಡುವುದಿಲ್ಲ. ಗಂಟು ಮುಟ್ಟುತ್ತಾರೆ."

ಸರ್ ತಾವೇ ಯಂತ್ರದ ಮುಂದೆ ಕುಳಿತು 4 4 9 ಎಂಬ ಪಟ್ಟಿ ಬರೆದರು. ಮೊದಲಿಗೆ ಅಕ್ಕನ ನಾಲ್ಕು ಗುರುತು. 4 4 4 9 9 9 ಬಂತು, ಆರು ಅಂಕಿ, ಸರಿ. ನನ್ನ ಎಂಟಕ್ಕೂ ಆರು ಅಂಕಿ. ಆಮೇಲೆ ಕಲ್ಯಾಣಪುರದವನ ಏಳು. 4 4 9 9 9. ಐದೇ ಇದ್ದವು. ಸರ್ ಕುರ್ಚಿಯನ್ನು ಅವನ ಕಡೆ ತಿರುಗಿಸಿದರು. ಅವನು ಬಂದು ಪರದೆಗೆ ಬಗ್ಗಿ ನೋಡಿದ. ಅವನ ಏಳು ಪ್ರತಿ ಅಂಕಿಯನ್ನೂ ಪಟ್ಟಿಯಲ್ಲಿ ಮೊದಲು ಸಿಕ್ಕುವ ಜಾಗದಲ್ಲಿ ಹುಡುಕುತ್ತಿತ್ತು. ಎರಡನೆಯ ನಾಲ್ಕನ್ನೂ ಮೊದಲನೆಯದೆಂದೇ ತಿಳಿಯುತ್ತಿತ್ತು. ಅವನಿಗೆ ಅದು ನನಗಿಂತ ಬೇಗ ಅರ್ಥವಾಯಿತು. ಬೋರ್ಡಿಗೆ ಹೋಗಿ ತನ್ನ ಏಳನ್ನು ತಾನೇ ಒರೆಸಿದ.

ಬೋರ್ಡಿನಲ್ಲಿ ಎರಡು ಸಾಲು ಉಳಿದವು. ಮೇಲೆ ಗಿರಿಜಾ, ಕಾಪು, ನಾಲ್ಕು. ಕೆಳಗೆ ನಾನು, ಎಂಟು.

"ನಿಮ್ಮಿಬ್ಬರಲ್ಲಿ ಚಿಕ್ಕದು ಎಂಟು," ಎಂದರು ಸರ್. "ಸೋಮವಾರ ಬೀಗ ತೆಗೆಯುವುದು ಇವರೇ."

ಕಲ್ಯಾಣಪುರದವನು ನನ್ನ ಬೆನ್ನಿಗೊಂದು ಗುದ್ದಿ, "ಆ ಅಕ್ಕನಿಗೆ ಒಂದು ಸೀಟು ಕೊಡಿಸು, ನಾವಿಬ್ಬರೂ ಸ್ಟೋರ್ಸಿಗೆ ಹೋಗುವ" ಎಂದ. ಆ ಮಧ್ಯಾಹ್ನ ತಿನ್ನದೆ ಉಳಿದಿದ್ದ ಅವನ ಡಬ್ಬಿಯನ್ನು ನಾವು ಐದು ಗಂಟೆಗೆ ಒಟ್ಟಿಗೆ ತೆರೆದೆವು. ಮನೆಗೆ ಬಂದು ಅವ್ವನಿಗೆ, ಒಳಗೇ ಇದ್ದೇನೆ ಎಂದೆ. ಯಾವಾಗ ಹೊರಗಿದ್ದಿ ಎಂದು ಅವಳು ಕೇಳಿದಳು.

ಮುಂದಿನ ವಾರ ಸರ್ ನನ್ನೊಂದಿಗೆ ಕಾಪುವಿಗೆ ಬಂದರು. ಕಾರ್ಯದರ್ಶಿಯವರು ಕುರ್ಚಿ ಹಾಕಿಸಿದರೂ ಕೂರಲಿಲ್ಲ, ನಾನು ನಿಂತಿದ್ದ ಜಾಗದಲ್ಲೇ ನಿಂತರು. ಅಕ್ಕ ಅರವತ್ತಾರು ಉರುಳೆಗಳನ್ನೂ ಸಿಕ್ಕಿಸಿ ಮುಗಿಸುವವರೆಗೆ ನೋಡಿದರು. ನಾನು ಹೊಸ ಕಾಗದ ತಂದಿದ್ದೆ. ಅಕ್ಕ ಎಡ ಮೂಲೆಯಲ್ಲಿ ಬೆರಳಿಟ್ಟು, "ಹ್ಞಾ, ಒಂದು ಉಂಟು" ಎಂದರು. ಈ ನಾಲ್ಕು ಗುರುತು ನಿಮ್ಮದು ಎಂದು ಸರ್ ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಅಕ್ಕ ಅದನ್ನು ತಲೆಕೆಳಗು ಮಾಡಿ ನೋಡಿ, "ಇದು ಎಂತ, ಮಗ್ಗದ ನಕ್ಷೆಯಾ?" ಎಂದು ಕೇಳಿ, ಆ ಹುರಿಯ ಕೊನೆಯ ಗಂಟಿನ ಸಂದಿಗೆ ಸಿಕ್ಕಿಸಿದರು. ಶೆಡ್ಡು ಇದ್ದಷ್ಟು ಕಾಲ ಅದು ಅಲ್ಲೇ ಇತ್ತು.

ಗಿರಿಜಕ್ಕ ಈಗ ಇಲ್ಲ. ಸರ್ ಕೂಡ ತೀರಿಕೊಂಡರು. ಆ ಶುಕ್ರವಾರ ಬೆಳಿಗ್ಗೆ ಎಂಟು ದಾಟಿ ಹತ್ತು ನಿಮಿಷಕ್ಕೆ, "ಒಂದು ಎಲ್ಲಿ?" ಎಂದು ಅಕ್ಕ ಕೇಳಿದ್ದನ್ನೂ ಆಮೇಲೆ ಮೊದಲಿನಿಂದ ಮುಟ್ಟಿದ್ದನ್ನೂ ನನ್ನ ಜೊತೆ ಕಂಡವರು ಇನ್ನಿಬ್ಬರು. ಕಂಡಿಕೆ ಸುತ್ತುತ್ತಿದ್ದ ಸುನಂದಾ ಕಾಪುವಿನಲ್ಲೇ ಮಗಳ ಮನೆಯಲ್ಲಿದ್ದಾರೆ. ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿ ವಾಸುದೇವಣ್ಣನಿಗೆ ಕಿವಿ ಸ್ವಲ್ಪ ಮಂದ, ಕಣ್ಣು ಚೆನ್ನಾಗಿದೆ. ನಾನು ಬರೆದದ್ದರಲ್ಲಿ ಸಂಶಯ ಬಂದವರು ಅವರಿಬ್ಬರನ್ನು ಕೇಳಬಹುದು.